ಬೇಸ್‌ಬಾಲ್: ಮೈದಾನದ ಅಳತೆಯೂ ಆಟಗಾರನ ಅಂಕಿಯೂ

1954ನೆಯ ಇಸವಿ ಸೆಪ್ಟೆಂಬರ್ 29ನೆಯ ದಿನ. ನ್ಯೂಯಾರ್ಕ್ ನಗರದ ಪೋಲೋ ಗ್ರೌಂಡ್ಸ್ ಮೈದಾನದಲ್ಲಿ ವರ್ಲ್ಡ್ ಸೀರೀಸ್ ಪಂದ್ಯಮಾಲೆಯ ಮೊದಲ ಆಟ. ಒಂದು ಕಡೆ ನ್ಯೂಯಾರ್ಕ್ ಜೈಂಟ್ಸ್, ಇನ್ನೊಂದು ಕಡೆ ಆ ವರ್ಷ 111 ಪಂದ್ಯಗಳನ್ನು ಗೆದ್ದು ಬಂದಿದ್ದ ಕ್ಲೀವ್‌ಲೆಂಡ್ ತಂಡ. ಎಂಟನೆಯ ಸರದಿಯಲ್ಲಿ ಎರಡೂ ಪಕ್ಷಗಳು 2–2ರಲ್ಲಿ ಸಮನಾಗಿದ್ದಾಗ ಕ್ಲೀವ್‌ಲೆಂಡಿನ ವಿಕ್ ವರ್ಟ್ಸ್ ಚೆಂಡನ್ನು ಮೈದಾನದ ನಡುಭಾಗದತ್ತ ನಾನೂರು ಅಡಿಗೂ ದೂರ ಹೊಡೆದನು. ವಿಲಿ ಮೇಸ್ ಬೆನ್ನು ತಿರುಗಿಸಿ ಓಡಿ, ಭುಜದ ಮೇಲಿಂದ ಬಂದ ಚೆಂಡನ್ನು ಹಿಡಿದುಬಿಟ್ಟನು. ಹತ್ತನೆಯ ಸರದಿಯಲ್ಲಿ ಜೈಂಟ್ಸ್ ತಂಡದ ಡಸ್ಟಿ ರೋಡ್ಸ್ ಬಲಬದಿಗೆ ಹೊಡೆದ ಚೆಂಡು ಸುಮಾರು 260 ಅಡಿ ಮಾತ್ರ ಹೋಗಿ ಬೇಲಿ ದಾಟಿತು. ಮೂರು ರನ್ ಬಂದುವು, ಜೈಂಟ್ಸ್ ಗೆದ್ದರು. ದೂರ ಹೊಡೆದವನು ಔಟಾದನು, ಹತ್ತಿರ ಹೊಡೆದವನು ವೀರನಾದನು!

ಇದಕ್ಕೆ ಕಾರಣವೇನು? ಬೇಸ್‌ಬಾಲಿನಲ್ಲಿ ಕೆಲವು ಅಳತೆಗಳು ಎಲ್ಲೆಡೆಯೂ ಒಂದೇ. ಒಂದು ಬೇಸಿನಿಂದ ಮತ್ತೊಂದಕ್ಕೆ 90 ಅಡಿ. ಚೆಂಡೆಸೆಯುವವನಿಗೂ ದಾಂಡಿಗನ ಮುಂದಿನ ಹೋಮ್ ಪ್ಲೇಟಿಗೂ ನಡುವೆ 60 ಅಡಿ 6 ಅಂಗುಲ. ಆದರೆ ಹೊರಗಿನ ಬೇಲಿ ಎಷ್ಟು ದೂರ, ಎಷ್ಟು ಎತ್ತರ ಎಂಬುದು ಊರಿನಿಂದೂರಿಗೆ ಬೇರೆ. ಹಳೆಯ ಮೈದಾನಗಳನ್ನು ಪೇಟೆಯ ಬೀದಿಗಳ ನಡುವೆ ದೊರೆತ ನಿವೇಶನಕ್ಕೆ ತಕ್ಕಂತೆ ಕಟ್ಟಿದರು. ಪೋಲೋ ಗ್ರೌಂಡ್ಸಿನ ಬಲಗೆರೆಯ ಬೇಲಿ 258 ಅಡಿಯಲ್ಲಿದ್ದರೆ ನಡುಭಾಗದ ಗೋಡೆ 480 ಅಡಿಗೂ ಆಚೆ ಇದ್ದಿತು. ಹೊಸ ಮೈದಾನಗಳಲ್ಲಿ ಬದಿಗೆರೆಗಳು 325 ಅಡಿಗೂ ನಡುಭಾಗ 400 ಅಡಿಗೂ ಕಡಿಮೆಯಿರಬಾರದೆಂಬ ನಿಯಮ ಬಂದದ್ದು 1958ರಲ್ಲಿ.

ಬಾಸ್ಟನ್ ನಗರದ ಫೆನ್‌ವೇ ಪಾರ್ಕ್ 1912ರಲ್ಲಿ ಆರಂಭವಾಯಿತು. ಅದರ ಎಡಬದಿಯ ಗೋಡೆ 310 ಅಡಿಯಷ್ಟು ಹತ್ತಿರ, ಆದರೆ 37 ಅಡಿ ಎತ್ತರ. ಬೇರೆಡೆ ಸುಲಭವಾಗಿ ಕೈಗೆ ಸಿಕ್ಕುತ್ತಿದ್ದ ಎತ್ತರದ ಹೊಡೆತ ಇಲ್ಲಿ ಗೋಡೆ ದಾಟುವುದುಂಟು. ಬೇರೆಡೆ ಬೇಲಿ ದಾಟಬಹುದಾಗಿದ್ದ ನೇರವಾದ, ಬಿರುಸಿನ ಹೊಡೆತ ಇಲ್ಲಿ ಗೋಡೆಗೆ ಬಡಿದು ಹಿಂದಕ್ಕೆ ಬೀಳುವುದೂ ಉಂಟು.

ಗಾಳಿಯೂ ಮೈದಾನದ ಒಂದು ಅಂಗವೇ. ಡೆನ್ವರ್ ನಗರ ಸಮುದ್ರಮಟ್ಟಕ್ಕಿಂತ 5,280 ಅಡಿ ಎತ್ತರದಲ್ಲಿದೆ. ನಮ್ಮ ಬೆಂಗಳೂರು ಸುಮಾರು 3,000 ಅಡಿ ಎಂಬುದನ್ನು ನೆನೆದರೆ ಈ ಎತ್ತರ ತಿಳಿದೀತು. ಅಲ್ಲಿನ ತೆಳುವಾದ ಗಾಳಿಯಲ್ಲಿ ಹೊಡೆದ ಚೆಂಡು ಹೆಚ್ಚು ದೂರ ಹೋಗುತ್ತದೆ. ತಿರುಚಿ ಎಸೆದ ಚೆಂಡು ಅಷ್ಟಾಗಿ ಬಾಗುವುದಿಲ್ಲ. ಎಸೆಗಾರನಿಗೆ ಎರಡು ಕಡೆಯಿಂದಲೂ ನಷ್ಟ. 1995ರಲ್ಲಿ ಅಲ್ಲಿ ಕೂರ್ಸ್ ಫೀಲ್ಡ್ ಕಟ್ಟಿದಾಗ ಬೇಲಿಯನ್ನು ದೂರವಿಟ್ಟು ಇದನ್ನು ಸರಿತೂಗಿಸಲು ನೋಡಿದರು. ಆದರೆ ಮೈದಾನ ವಿಶಾಲವಾದಷ್ಟೂ ಕಾವಲುಗಾರರ ನಡುವೆ ಚೆಂಡು ಬೀಳಲು ಬರಿಯ ಜಾಗ ಹೆಚ್ಚಿತು! ಕಡೆಗೆ 2002ರಿಂದ ಚೆಂಡುಗಳು ಒಣಗಿ ಗಟ್ಟಿಯಾಗದಂತೆ ತೇವವಿರುವ ಪೆಟ್ಟಿಗೆಯಲ್ಲಿ ಇಡತೊಡಗಿದರು.

ಇನ್ನು ನಿಯಮಗಳ ಮಾತು. 1893ರಲ್ಲಿ ಎಸೆಗಾರನನ್ನು ಹಿಂದಕ್ಕೆ ಸರಿಸಿ ಈಗಿನ ದೂರವನ್ನು ಗೊತ್ತುಮಾಡಿದರು. ಚೆಂಡನ್ನು ನೋಡಲು ದಾಂಡಿಗನಿಗೆ ಹೆಚ್ಚು ಸಮಯ ದೊರೆತು ರನ್ನುಗಳು ಏರಿದುವು. 1920ರಲ್ಲಿ ಚೆಂಡಿಗೆ ಉಗುಳು ಸವರುವುದನ್ನು ನಿಷೇಧಿಸಿದರು. ಆಗಲೇ ಆ ವಿದ್ಯೆಯಿಂದ ಜೀವನ ಸಾಗಿಸುತ್ತಿದ್ದ 17 ಮಂದಿಗೆ ಮಾತ್ರ ವಿನಾಯಿತಿ ಕೊಟ್ಟರು. ಅದೇ ವರ್ಷದ ಆಗಸ್ಟಿನಲ್ಲಿ ರೇ ಚಾಪ್‌ಮನ್ ಎಂಬ ಆಟಗಾರನು ತಲೆಗೆ ಚೆಂಡು ಬಡಿದು ತೀರಿಕೊಂಡನು. ಆ ಬಳಿಕ ಮಾಸಿದ ಚೆಂಡನ್ನು ಬೇಗನೆ ಬದಲಿಸಿ, ಕಣ್ಣಿಗೆ ಕಾಣುವ ಬಿಳಿಯ ಚೆಂಡಿನಲ್ಲಿ ಆಡುವುದು ರೂಢಿಯಾಯಿತು.

1968ರಲ್ಲಿ ತಕ್ಕಡಿ ಎಸೆಗಾರರ ಕಡೆಗೆ ಪೂರ್ತಿ ವಾಲಿತು. ಬಾಬ್ ಗಿಬ್ಸನ್ ಒಂಬತ್ತು ಸರದಿಗಳಿಗೆ ಸರಾಸರಿ 1.12 ರನ್ ಮಾತ್ರ ಕೊಟ್ಟನು. ದಾಂಡಿಗರಿಗೆ ಸಾವಿರ ಅವಕಾಶಗಳಲ್ಲಿ ದೊರೆತದ್ದು 237 ಹಿಟ್‌ಗಳು. ಮರುವರ್ಷವೇ ಎಸೆಗಾರನು ನಿಲ್ಲುವ ದಿಬ್ಬವನ್ನು 15 ಅಂಗುಲದಿಂದ 10ಕ್ಕೆ ತಗ್ಗಿಸಿದರು. ದಿಬ್ಬ ತಗ್ಗಿದರೆ ಚೆಂಡು ಮೇಲಿಂದ ಇಳಿಯುವ ಕೋನವೂ ತಗ್ಗುತ್ತದೆ. ಚೆಂಡು ಸರಿಯೆಂದು ಎಣಿಸುವ ಚೌಕವನ್ನೂ ಕಿರಿದುಮಾಡಿದರು. 237 ಎಂಬುದು 248ಕ್ಕೆ ಏರಿತು. ಎಸೆಗಾರನ ಬದಲು ಬೇರೊಬ್ಬನು ದಾಂಡು ಹಿಡಿಯಬಹುದೆಂಬ ನಿಯಮ 1973ರಲ್ಲಿ ಅಮೆರಿಕನ್ ಲೀಗಿನಲ್ಲಿ ಬಂದಿತು. ನ್ಯಾಷನಲ್ ಲೀಗಿನಲ್ಲಿ ಅದು ನೆಲೆಯೂರಿದ್ದು 2022ರಲ್ಲಿ. 2023ರಲ್ಲಿ ಎಸೆತಕ್ಕೆ ಗಡಿಯಾರ ಬಂದಿತು, ಬೇಸುಗಳು 15 ಅಂಗುಲದಿಂದ 18ಕ್ಕೆ ಹಿಗ್ಗಿದುವು. ಹಿಂದಿನ ವರ್ಷ 2,486 ಇದ್ದ ಬೇಸ್ ಕದಿಯುವ ಓಟಗಳು 3,503 ಆದುವು.

ಹಾಗಾದರೆ ಎಲ್ಲವೂ ಮೈದಾನದ ಮಹಿಮೆಯೇ? ಅವಸರ ಬೇಡ. 1923ರಲ್ಲಿ ತೆರೆದ ಯಾಂಕೀ ಸ್ಟೇಡಿಯಮ್ಮಿನ ಬಲಬೇಲಿ ಹತ್ತಿರವಿದ್ದುದರಿಂದಲೇ ಎಡಗೈಯ ಬೇಬ್ ರೂತ್ ದೊಡ್ಡವನಾದನೆಂದು ಹೇಳುವವರುಂಟು. 1927ರಲ್ಲಿ ಅವನು ಬೇಲಿ ದಾಟಿಸಿದ 60 ಹೊಡೆತಗಳಲ್ಲಿ ತನ್ನೂರಿನವು 28, ಪರ ಊರುಗಳವು 32! ಅಂಗಳದ ನೆರವು ಇದ್ದೀತು. ತೋಳಿನ ಬಲವನ್ನು ಅದು ಅಳಿಸಲಾರದು.

ಆದುದರಿಂದ ಓದುಗರೇ, ಇಬ್ಬರು ಆಟಗಾರರ ಅಂಕಿಗಳನ್ನು ಯಾರಾದರೂ ತಮ್ಮ ಮುಂದಿಟ್ಟು ಯಾರು ಮೇಲೆಂದು ಕೇಳಿದರೆ, ತಾವು ಮೊದಲು ಎರಡು ಪ್ರಶ್ನೆ ಹಾಕಿ: ಆಟ ನಡೆದದ್ದು ಯಾವ ಅಂಗಳದಲ್ಲಿ? ಯಾವ ವರ್ಷದ ನಿಯಮದಲ್ಲಿ? ಆಮೇಲೆ ತನ್ನೂರಿನ ಲೆಕ್ಕವನ್ನೂ ಪರ ಊರಿನ ಲೆಕ್ಕವನ್ನೂ ಬೇರೆ ಬೇರೆ ನೋಡಿ. ಬಹುಕಾಲ ಡೆನ್ವರಿನಲ್ಲಿ ಚೆಂಡೆಸೆದ ಬಡಪಾಯಿಗೆ ಆಗ ಅರ್ಧ ನ್ಯಾಯವಾದರೂ ದೊರೆಯುತ್ತದೆ.