ರಕ್ತದೊತ್ತಡ: ಆಂಟಿಆಕ್ಸಿಡೆಂಟ್ ಮಾತ್ರೆಯಿಂದ ಲಾಭವಿದೆಯೇ?

ರಕ್ತದೊತ್ತಡ ಇರುವವರು ಆಂಟಿಆಕ್ಸಿಡೆಂಟ್ ಮಾತ್ರೆ ಸೇವಿಸಿದರೆ ಒಳ್ಳೆಯದು ಎಂಬ ಸಲಹೆ ಔಷಧದ ಅಂಗಡಿಯಿಂದ ಬೆಳಗಿನ ವಾಯುವಿಹಾರದವರೆಗೆ ಎಲ್ಲೆಡೆ ಕೇಳಿಬರುತ್ತದೆ. ಇದರ ಹಿಂದಿನ ವಿಜ್ಞಾನ ಸುಳ್ಳಲ್ಲ. ಆದರೆ ಅದನ್ನೇ ನಂಬಿ ವೈದ್ಯರು ಕೊಟ್ಟ ಮಾತ್ರೆಯನ್ನು ಕೈಬಿಟ್ಟರೆ ಅಪಾಯ ತಪ್ಪಿದ್ದಲ್ಲ.

ಉಸಿರಾಟದಿಂದ ದೊರೆತ ಆಮ್ಲಜನಕದ ಅಲ್ಪ ಭಾಗ ಜೀವಕೋಶಗಳಲ್ಲಿ ಸೂಪರ್‌ಆಕ್ಸೈಡ್‌ ಎಂಬ ಚಂಚಲ ಕಣವಾಗಿ ಮಾರ್ಪಡುತ್ತದೆ. ಇದನ್ನು ತಡೆಯಲು ದೇಹದಲ್ಲಿಯೇ ಕಾವಲು ವ್ಯವಸ್ಥೆಯಿದೆ. ಅಮೆರಿಕದ ವಿಜ್ಞಾನಿಗಳಾದ ಜೋ ಮೆಕಾರ್ಡ್ ಮತ್ತು ಇರ್ವಿನ್ ಫ್ರಿಡೊವಿಚ್ 1969ರಲ್ಲಿ ಪತ್ತೆಹಚ್ಚಿದ ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್ ಕಿಣ್ವ ಅದನ್ನು ಹೈಡ್ರೋಜನ್ ಪೆರಾಕ್ಸೈಡ್ ಆಗಿ ಬದಲಿಸುತ್ತದೆ. ಮುಂದೆ ಕ್ಯಾಟಲೇಸ್‌ನಂತಹ ಕಿಣ್ವಗಳು ಅದನ್ನು ನೀರಾಗಿಸುತ್ತವೆ. ಕಣಗಳ ಉತ್ಪತ್ತಿ ಈ ಕಾವಲನ್ನು ಮೀರುವ ಸ್ಥಿತಿಯೇ ಆಕ್ಸಿಡೇಟಿವ್ ಒತ್ತಡ.

ರಕ್ತನಾಳದ ಒಳಪದರ ನೈಟ್ರಿಕ್ ಆಕ್ಸೈಡ್ ಅನಿಲವನ್ನು ಸ್ರವಿಸಿ ನಾಳವನ್ನು ಸಡಿಲವಾಗಿಡುತ್ತದೆ. ಈ ಅನಿಲದ ಪಾತ್ರವನ್ನು ತಿಳಿಸಿದ ಮೂವರು ವಿಜ್ಞಾನಿಗಳಿಗೆ 1998ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಸೂಪರ್‌ಆಕ್ಸೈಡ್ ಹೆಚ್ಚಾದರೆ ಈ ಅನಿಲ ನಾಶವಾಗಿ ನಾಳ ಬಿಗಿಯಾಗುತ್ತದೆ, ಒತ್ತಡ ಏರುತ್ತದೆ. ರಕ್ತದೊತ್ತಡವನ್ನು ಏರಿಸುವ ಆಂಜಿಯೋಟೆನ್ಸಿನ್-2 ಹಾರ್ಮೋನು ಸೂಪರ್‌ಆಕ್ಸೈಡ್ ಉತ್ಪತ್ತಿಯನ್ನೂ ಹೆಚ್ಚಿಸುತ್ತದೆ.

ಹಾಗಿದ್ದರೆ ವಿಟಮಿನ್ ಮಾತ್ರೆ ನುಂಗಿದರೆ ಸಾಲದೇ? ಸಾಲದು ಎನ್ನುತ್ತವೆ ದೊಡ್ಡ ಪ್ರಯೋಗಗಳು. ಹೃದ್ರೋಗದ ಅಪಾಯವಿದ್ದ ಒಂಬತ್ತು ಸಾವಿರಕ್ಕೂ ಹೆಚ್ಚು ಜನರಲ್ಲಿ ವಿಟಮಿನ್ ಇ ಪರಿಣಾಮವನ್ನು ಪರೀಕ್ಷಿಸಿದ 'ಹೋಪ್' ಅಧ್ಯಯನದ ಫಲಿತಾಂಶ 2000ದಲ್ಲಿ ಪ್ರಕಟವಾಯಿತು, ಪ್ರಯೋಜನ ಕಾಣಲಿಲ್ಲ. ಬ್ರಿಟನ್ನಿನಲ್ಲಿ 20,536 ಜನರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವಿಟಮಿನ್ ಇ, ಸಿ ಮತ್ತು ಬೀಟಾ ಕ್ಯಾರೋಟಿನ್ ಮೂರನ್ನೂ ಒಟ್ಟಿಗೆ ಐದು ವರ್ಷ ಕೊಟ್ಟರೂ ಹೃದಯಾಘಾತ, ಪಾರ್ಶ್ವವಾಯು ತಗ್ಗಲಿಲ್ಲ. ಸೂಪರ್‌ಆಕ್ಸೈಡ್ ವಿಟಮಿನ್‌ಗಳಿಗಿಂತ ಬಹುಪಟ್ಟು ವೇಗವಾಗಿ ನೈಟ್ರಿಕ್ ಆಕ್ಸೈಡ್‌ನೊಡನೆ ಬೆರೆಯುವುದು ಇದಕ್ಕೆ ಒಂದು ವಿವರಣೆ. ಮಾತ್ರೆ ತಲುಪುವ ಮುನ್ನವೇ ಹಾನಿ ಮುಗಿದಿರುತ್ತದೆ.

ಆಹಾರದ ಮಾತು ಬೇರೆ. ಹಣ್ಣು, ತರಕಾರಿ ಹಾಗೂ ಕೊಬ್ಬು ಕಡಿಮೆಯಿರುವ ಹಾಲಿನ ಪದಾರ್ಥಗಳನ್ನು ಹೆಚ್ಚಾಗಿ ಸೇವಿಸಿದರೆ ರಕ್ತದೊತ್ತಡ ಇಳಿಯುತ್ತದೆ ಎಂಬುದನ್ನು 1997ರಲ್ಲಿ ಅಮೆರಿಕದ 'ಡ್ಯಾಶ್' ಅಧ್ಯಯನ ತೋರಿಸಿತು. ಉಪ್ಪು ದಿನಕ್ಕೆ 5 ಗ್ರಾಂಗಿಂತ ಕಡಿಮೆಯಿರಲಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಉಪ್ಪಿನಕಾಯಿ, ಹಪ್ಪಳದಲ್ಲಿರುವುದೂ ಈ ಲೆಕ್ಕಕ್ಕೆ ಸೇರುತ್ತದೆ. ಧೂಮಪಾನ ತ್ಯಜಿಸಿದರೆ ಹೊರಗಿನಿಂದ ಬರುವ ಆಕ್ಸಿಡೇಟಿವ್ ಹೊರೆಯೇ ತಗ್ಗುತ್ತದೆ.

ಆಂಜಿಯೋಟೆನ್ಸಿನ್ ಅನ್ನು ತಡೆಯುವ ಲೊಸಾರ್ಟಾನ್, ಟೆಲ್ಮಿಸಾರ್ಟಾನ್‌ನಂತಹ ಔಷಧಗಳು ಸಮಸ್ಯೆಯ ಮೂಲಕ್ಕೇ ಕೈಹಾಕುತ್ತವೆ. ಆದ್ದರಿಂದ ಬಣ್ಣದ ಡಬ್ಬಿಯ ಮಾತ್ರೆಗೆ ಹಣ ಸುರಿಯುವ ಮುನ್ನ, ವೈದ್ಯರು ಬರೆದುಕೊಟ್ಟ ಔಷಧವನ್ನು ತಪ್ಪದೆ ಸೇವಿಸುತ್ತಿದ್ದೇವೆಯೇ ಎಂದು ಕೇಳಿಕೊಳ್ಳುವುದು ಒಳಿತು.