ಮೀಸೆ ಮಣ್ಣಾದ ಮೇಲೆ

‘ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ’ ಎಂಬ ಗಾದೆ ನಮ್ಮೆಲ್ಲರಿಗೂ ಪರಿಚಿತವಾದುದು. ಕುಸ್ತಿಯ ಕಣದಲ್ಲಿ ಬೆನ್ನು ನೆಲಕ್ಕೆ ತಾಗಿದರೂ ಸೋಲೊಪ್ಪದ ಜಟ್ಟಿಯನ್ನು ಕುರಿತು ಹಿರಿಯರು ಆಡಿದ ಪರಿಹಾಸ್ಯವದು. ಒಣ ಹಮ್ಮು ಬೇರೆ, ಆತ್ಮವಿಶ್ವಾಸ ಬೇರೆ ಎಂಬ ವಿವೇಕ ಅದರೊಳಗೆ ಅಡಗಿದೆ. ಮೀಸೆ ಮಣ್ಣಾದುದನ್ನು ಒಪ್ಪಿ, ಒರೆಸಿಕೊಂಡು, ಮರುದಿನ ಮತ್ತೆ ಗರಡಿಗೆ ಇಳಿಯಬಲ್ಲವನೇ ನಿಜವಾದ ಆತ್ಮವಿಶ್ವಾಸಿ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಶಾಲಾ ಮೈದಾನಗಳಲ್ಲಿ ಪ್ರತಿವರ್ಷವೂ ಕಬಡ್ಡಿ, ಖೊಖೊ, ವಾಲಿಬಾಲ್, ಓಟದ ಸ್ಪರ್ಧೆಗಳು ನಡೆಯುತ್ತವೆ. ಒಂದೆಡೆ ತುಂಗಭದ್ರೆಯ ದಡ, ಇನ್ನೊಂದೆಡೆ ಸೂಳೆಕೆರೆಯ ನೀರು ಕಂಡ ಅಡಿಕೆ ತೋಟಗಳು, ಮತ್ತೊಂದೆಡೆ ಮಳೆಗಾಗಿ ಮುಗಿಲು ನೋಡುವ ಜಗಳೂರಿನ ಬಯಲು. ನೆಲದ ಗುಣ ಬೇರೆ ಬೇರೆಯಾದರೂ ಮಕ್ಕಳ ಉತ್ಸಾಹ ಒಂದೇ. ೧೯೯೭ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾಗುವ ಮುನ್ನ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗ ಜಿಲ್ಲೆಗೂ ಜಗಳೂರು ಚಿತ್ರದುರ್ಗ ಜಿಲ್ಲೆಗೂ ಸೇರಿದ್ದವು. ಇಂದು ಈ ಎಲ್ಲ ಮಕ್ಕಳೂ ಜಿಲ್ಲಾ ಮಟ್ಟದ ಸ್ಪರ್ಧೆಯಲ್ಲಿ ಪರಸ್ಪರ ಎದುರಾಗುತ್ತಾರೆ.

ಆದರೆ ಈ ಸ್ಪರ್ಧೆಗಳ ಲೆಕ್ಕಾಚಾರವನ್ನು ತಂದೆತಾಯಿಗಳು ಒಮ್ಮೆ ಶಾಂತವಾಗಿ ಗಮನಿಸಬೇಕು. ನಾಕೌಟ್ ಪದ್ಧತಿಯಲ್ಲಿ ೩೨ ತಂಡಗಳು ಸೆಣಸಿದರೆ ೩೧ ತಂಡಗಳು ಸೋತೇ ಮನೆಗೆ ಮರಳಬೇಕು. ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಮೆಟ್ಟಿಲು ಏರಿದಂತೆಲ್ಲ ಇದೇ ಕಥೆ. ಅಂದಮೇಲೆ ಗೆಲುವಿನಿಂದ ಮಾತ್ರ ಆತ್ಮವಿಶ್ವಾಸ ಹುಟ್ಟುವುದಾದರೆ ಆಟವಾಡುವ ಬಹುಪಾಲು ಮಕ್ಕಳಿಗೆ ಅದು ದಕ್ಕುವುದೇ ಇಲ್ಲ. ಅದರ ಮೂಲವನ್ನು ಬೇರೆಡೆ ಹುಡುಕಬೇಕಾಗುತ್ತದೆ.

ಇದಕ್ಕೆ ನಮ್ಮ ಜಿಲ್ಲೆಯಲ್ಲೇ ನಿದರ್ಶನವಿದೆ. ೧೯೮೪ರಲ್ಲಿ ದಾವಣಗೆರೆಯಲ್ಲಿ ಜನಿಸಿದ ಆರ್. ವಿನಯ್ ಕುಮಾರ್ ಆಟೋರಿಕ್ಷಾ ಚಾಲಕರೊಬ್ಬರ ಮಗ. ಮಧ್ಯಮ ವೇಗದ ಬೌಲರ್ ಆದ ಅವರು ಭಾರತ ತಂಡದವರೆಗೆ ಬೆಳೆದರು. ೨೦೧೩ರ ನವೆಂಬರ್ ೨ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಆಸ್ಟ್ರೇಲಿಯಾ ವಿರುದ್ಧ ಭಾರತ ಗೆದ್ದಿತು. ಆದರೆ ಅದೇ ಪಂದ್ಯದಲ್ಲಿ ವಿನಯ್ ೯ ಓವರುಗಳಲ್ಲಿ ೧೦೨ ರನ್ನುಗಳನ್ನು ಬಿಟ್ಟುಕೊಟ್ಟರು. ತವರಿನ ಪ್ರೇಕ್ಷಕರ ಕಣ್ಣೆದುರಿಗೇ ಆದ ಪೆಟ್ಟದು. ಭಾರತ ತಂಡದ ಬಾಗಿಲು ಅವರಿಗೆ ಮತ್ತೆ ತೆರೆಯಲೇ ಇಲ್ಲ.

ಇಷ್ಟಾದ ಮೇಲೆ ಮನಸ್ಸು ಮುರಿದುಕೊಂಡಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಆದರೆ ಅದೇ ಋತುವಿನಲ್ಲಿ ಅವರ ನಾಯಕತ್ವದ ಕರ್ನಾಟಕ ತಂಡ ಹೈದರಾಬಾದಿನಲ್ಲಿ ಮಹಾರಾಷ್ಟ್ರವನ್ನು ಸೋಲಿಸಿ, ೧೫ ವರ್ಷಗಳ ತರುವಾಯ ರಣಜಿ ಟ್ರೋಫಿಯನ್ನು ನಾಡಿಗೆ ತಂದಿತು. ಮರುವರ್ಷ ಮುಂಬಯಿಯಲ್ಲಿ ತಮಿಳುನಾಡಿನ ವಿರುದ್ಧ ನಡೆದ ಅಂತಿಮ ಪಂದ್ಯದಲ್ಲಿ ವಿನಯ್ ಮೊದಲ ಇನಿಂಗ್ಸಿನಲ್ಲಿ ೫ ವಿಕೆಟ್ ಕಿತ್ತರು, ಬ್ಯಾಟ್ ಹಿಡಿದು ಶತಕವನ್ನೂ ಬಾರಿಸಿದರು. ಕರ್ನಾಟಕ ಮತ್ತೆ ರಣಜಿ ವಿಜೇತವಾಯಿತು. ೨೦೨೧ರಲ್ಲಿ ನಿವೃತ್ತರಾಗುವ ವೇಳೆಗೆ ಪ್ರಥಮ ದರ್ಜೆ ಕ್ರಿಕೆಟಿನಲ್ಲಿ ಅವರ ವಿಕೆಟುಗಳು ೫೦೦ನ್ನು ದಾಟಿದ್ದವು.

ಗಮನಿಸಿ, ಅವರು ಕಳೆದುಕೊಂಡದ್ದು ಮರಳಿ ಸಿಗಲಿಲ್ಲ. ಪರಿಶ್ರಮ ಪಟ್ಟರೆ ಬೇಡಿದ್ದೆಲ್ಲ ಕೈಸೇರುತ್ತದೆಂದು ಮಕ್ಕಳಿಗೆ ಹೇಳುವುದು ಸುಳ್ಳು ಭರವಸೆಯಾದೀತು. ತನ್ನ ಪಾಲಿಗೆ ಉಳಿದ ಕಣದಲ್ಲಿ ಪೂರ್ಣ ಮನಸ್ಸಿನಿಂದ ದುಡಿದದ್ದೇ ಅವರ ದೊಡ್ಡಸ್ತಿಕೆ. ದಿನದಿನದ ಅಭ್ಯಾಸದಲ್ಲಿ ಗಳಿಸಿದ ನಂಬಿಕೆಯನ್ನು ಒಂದು ದಿನದ ಸೋಲು ಕಸಿಯಲಾರದು. ಕಬಡ್ಡಿಯ ನಿಯಮವೂ ಇದನ್ನೇ ಸಾರುತ್ತದೆ. ಔಟಾದ ಆಟಗಾರ ಅಂಕಣದಾಚೆ ಕುಳಿತಿರುತ್ತಾನೆ. ತನ್ನವರು ಎದುರಾಳಿಯೊಬ್ಬನನ್ನು ಔಟು ಮಾಡಿದೊಡನೆ ಸರದಿಯಂತೆ ಒಳಬರುತ್ತಾನೆ. ಹೊರಗೆ ಕುಳಿತಾಗ ಎದೆಗುಂದಿದವನು ಒಳಬಂದು ಮಾಡುವುದಾದರೂ ಏನು?

ಇಲ್ಲಿ ‘ತನ್ನವರು’ ಎಂಬ ಮಾತು ಮುಖ್ಯವಾದುದು. ಸೋತ ಮಗು ಮನೆಗೆ ಬಂದಾಗ ನಾವು ಆಡುವ ಮೊದಲ ಮಾತು ಅದರ ಮನಸ್ಸಿನಲ್ಲಿ ಬಹುಕಾಲ ಉಳಿಯುತ್ತದೆ. ‘ಪಕ್ಕದ ಮನೆಯವನು ಗೆದ್ದ, ನೀನೇಕೆ ಸೋತೆ?’ ಎಂದರೆ ಮಗು ಮುದುಡಿಕೊಳ್ಳುತ್ತದೆ. ‘ನಿನ್ನದೇನೂ ತಪ್ಪಿಲ್ಲ, ಅಂಪೈರು ಮೋಸ ಮಾಡಿದ’ ಎಂದರೆ ಮೀಸೆ ಮಣ್ಣಾಗಲಿಲ್ಲವೆಂಬ ಹಮ್ಮನ್ನು ನಾವೇ ಕಲಿಸಿದಂತಾಗುತ್ತದೆ. ‘ಊಟ ಮಾಡು, ಎಲ್ಲಿ ತಪ್ಪಿತೆಂದು ನಾಳೆ ನೋಡೋಣ’ ಎಂಬ ಮಾತಿನಲ್ಲಿ ಮಮತೆಯೂ ಇದೆ, ಮುಂದಿನ ದಾರಿಯೂ ಇದೆ.

ಹೆಣ್ಣುಮಕ್ಕಳ ವಿಷಯದಲ್ಲಂತೂ ಇದು ಇನ್ನಷ್ಟು ನಿಜ. ಒಂದು ಸೋಲನ್ನೇ ನೆಪ ಮಾಡಿಕೊಂಡು ‘ಇನ್ನು ಆಟ ಸಾಕು’ ಎಂದುಬಿಡುವ ಮನೆಗಳು ಇಂದಿಗೂ ಇವೆ. ಹತ್ತನೆಯ ತರಗತಿ ಬಂತೆಂದು ಗಂಡುಮಕ್ಕಳ ಆಟಕ್ಕೂ ಬೀಗ ಹಾಕುವವರಿದ್ದಾರೆ. ದಿನಕ್ಕೊಂದು ಗಂಟೆ ಮೈದಾನದಲ್ಲಿ ಬೆವರಿದ ಮಗು ಪುಸ್ತಕದ ಮುಂದೆಯೂ ಚೈತನ್ಯದಿಂದ ಕೂರಬಲ್ಲದು.

ಪದಕ ತಂದ ಮಗುವನ್ನು ಊರೇ ಕೊಂಡಾಡುತ್ತದೆ. ಬರಿಗೈಯಲ್ಲಿ ಬಂದ ಮಗುವಿಗೆ ಇರುವುದು ಮನೆಯೊಂದೇ. ಮರುದಿನ ಮುಂಜಾನೆ ಅದು ತಾನಾಗಿಯೇ ಎದ್ದು ಮೈದಾನದ ಕಡೆ ಹೊರಟರೆ, ಆ ಮನೆ ತನ್ನ ಕರ್ತವ್ಯವನ್ನು ಚೆನ್ನಾಗಿಯೇ ನೆರವೇರಿಸಿದೆಯೆಂದು ತಿಳಿಯಬಹುದು.