ಉಕ್ಕಿನ ಕನ್ನಡಿಗೆ ಕ್ಯಾಮೆರಾ ಹಿಡಿದಾಗ

ಚೆನ್ನಾಗಿ ಮೆರುಗು ಕೊಟ್ಟ ಚಾಕುವೊಂದನ್ನು ಬಿಳಿ ಕಾಗದದ ಮೇಲಿಟ್ಟು ನೇರ ಮೇಲಿನಿಂದ ಫೋಟೋ ತೆಗೆದರೆ ಅಲಗು ಎಷ್ಟೋ ಸಲ ಕಪ್ಪಗೆ ಬರುತ್ತದೆ. ಕೋಣೆಯ ತುಂಬ ಬೆಳಕಿರುತ್ತದೆ, ಕಾಗದ ಬೆಳ್ಳಗೇ ಇರುತ್ತದೆ, ಆದರೂ ಉಕ್ಕು ಕಪ್ಪು. ಆಗ ಅಲಗಿನಲ್ಲಿ ಕಾಣುತ್ತಿರುವುದು ಕತ್ತಲೆ ಚಾವಣಿ, ಕ್ಯಾಮೆರಾದ ಕಪ್ಪು ಮೈ, ಅದರ ಹಿಂದೆ ಬಗ್ಗಿ ನಿಂತವರ ತಲೆ. ಛಾಯಾಗ್ರಾಹಕ ಕೆಂಪು ಅಂಗಿ ತೊಟ್ಟಿದ್ದರೆ ಅಲಗಿಗೂ ಕೆಂಪು ತಗಲುತ್ತದೆ. ಈ ಕೆಲಸದಲ್ಲಿ ಪಳಗಿದವರು ಕಪ್ಪು ಬಟ್ಟೆ ಹಾಕುವುದು ಶೋಕಿಗಲ್ಲ.

ಹಾಗಾಗಿ ಕಲಾತ್ಮಕ ಚಾಕುವಿನ ಫೋಟೋ ತೆಗೆಯುವವರು ಚಾಕುವಿಗೆ ಬೆಳಕು ಹಾಕುವುದಕ್ಕಿಂತ ಹೆಚ್ಚಾಗಿ ಚಾಕು ನೋಡುವ ಜಗತ್ತಿಗೆ ಬೆಳಕು ಹಾಕುತ್ತಾರೆ. ಬೆಳಕು ಬಂದ ಕೋನದಲ್ಲೇ ಹಿಂದಿರುಗುತ್ತದೆ ಎಂಬ ಶಾಲೆಯ ಪಾಠವೇ ಇಲ್ಲಿ ಬಂಡವಾಳ. ಕ್ಯಾಮೆರಾದಿಂದ ಹೊರಟ ಗೆರೆ ಅಲಗಿಗೆ ತಾಗಿ ಎತ್ತ ಚಿಮ್ಮುತ್ತದೋ ಅಲ್ಲಿ ತೆಳು ಬಿಳಿ ಬಟ್ಟೆಯನ್ನೋ ಹಾಲುಬಣ್ಣದ ಅಕ್ರಿಲಿಕ್ ಹಲಗೆಯನ್ನೋ ಕಟ್ಟಿ, ಹಿಂದಿನಿಂದ ದೀಪ ಹಚ್ಚುತ್ತಾರೆ. ಅಲಗು ಬೆಳ್ಳಿಯಾಗುತ್ತದೆ. ಆದರೆ ಎಲ್ಲ ಕಡೆಯೂ ಬಿಳಿಯೇ ಇದ್ದರೆ ಉಕ್ಕು ತಗಡಿನ ಹಾಗೆ ಸಪ್ಪೆಯಾಗಿ ಕಾಣುತ್ತದೆ. ಅದಕ್ಕೇ ಒಂದು ಬದಿಗೆ ಕಪ್ಪು ರಟ್ಟು. ಬಿಳಿಯಿಂದ ಕಪ್ಪಿಗೆ ಮೆಲ್ಲಗೆ ಇಳಿಯುವ ಛಾಯೆ ಅಲಗಿನ ಮೇಲೆ ಹರಿದಾಗಲೇ ಅದರ ಆಕಾರ ಕಣ್ಣಿಗೆ ಸಿಗುವುದು.

ಎಲ್ಲ ಅಲಗೂ ಒಂದೇ ಥರ ವರ್ತಿಸುವುದಿಲ್ಲ. ದೊಡ್ಡ ಚಕ್ರಕ್ಕೆ ಒತ್ತಿ ಸಾಣೆ ಹಿಡಿದು, ಮೈಯನ್ನು ಒಳಕ್ಕೆ ತಗ್ಗಾಗಿಸಿದ ಅಲಗನ್ನು ನೋಡಿ. 10 ಇಂಚು ವ್ಯಾಸದ ಚಕ್ರದಲ್ಲಿ 20 ಮಿಲಿಮೀಟರ್ ಅಗಲದ ಇಳಿಜಾರು ಕೊರೆದರೆ, ಮೇಲಂಚಿನಿಂದ ಕೆಳಂಚಿಗೆ ಬರುವಷ್ಟರಲ್ಲಿ ಮೇಲ್ಮೈ ಸುಮಾರು 9 ಡಿಗ್ರಿ ತಿರುಗಿರುತ್ತದೆ. ಪ್ರತಿಫಲನ ಅದರ ಎರಡರಷ್ಟು, ಅಂದರೆ 18 ಡಿಗ್ರಿ. ಬೆರಳಗಲದ ಉಕ್ಕಿನಲ್ಲಿ ಕೋಣೆಯ ಅಷ್ಟೊಂದು ಭಾಗ ಮುದುಡಿ ಕೂರುತ್ತದೆ. ದೀಪವನ್ನು ಗೇಣು ಸರಿಸಿದರೂ ಚಿತ್ರ ಬದಲಾಗುವುದು ಇದರಿಂದಲೇ.

ಇದೇ ಗುಣ ಕುಶಲಕರ್ಮಿಗೆ ಪರೀಕ್ಷೆಯೂ ಹೌದು. ಕಿಟಕಿಯ ಸರಳನ್ನು ಅಲಗಿನಲ್ಲಿ ನೋಡುತ್ತಾ ಚಾಕುವನ್ನು ನಿಧಾನವಾಗಿ ಓರೆ ಮಾಡಿದರೆ, ಸಮತಟ್ಟಾದ ಮೈಯಲ್ಲಿ ಸರಳು ನೆಟ್ಟಗೆ ಸರಿಯುತ್ತದೆ. ಸಾಣೆ ಏರುಪೇರಾಗಿದ್ದಲ್ಲಿ ಸೊಟ್ಟಗಾಗುತ್ತದೆ. ಒರಟಿನಿಂದ ನಯಕ್ಕೆ, ಒಂದೊಂದೇ ಮರಳುಕಾಗದದಲ್ಲಿ ಕೈಯಿಂದ ಉಜ್ಜಿದ ಅಲಗಿನಲ್ಲಿ ಗೆರೆಗಳೆಲ್ಲ ಉದ್ದಕ್ಕೆ, ಒಂದೇ ದಿಕ್ಕಿಗೆ ಓಡಬೇಕು. ಹಿಂದಿನ ಒರಟು ಕಾಗದದ ಒಂದೇ ಒಂದು ಅಡ್ಡಗೆರೆ ಉಳಿದಿದ್ದರೂ ಪಕ್ಕದಿಂದ ಬಿದ್ದ ಬೆಳಕು ಅದನ್ನು ಹಿಡಿದುಕೊಡುತ್ತದೆ.

ಇಂಥ ಚಾಕುಗಳ ಆಧುನಿಕ ಕಥೆ ಬಹುಪಾಲು ಅಮೆರಿಕದ್ದು. 1950ರ ದಶಕದ ಮೊದಲ ಭಾಗದಲ್ಲಿ ಬಾಬ್ ಲವ್‌ಲೆಸ್ ಎಂಬ ಹಡಗಿನ ನೌಕರ ನ್ಯೂಯಾರ್ಕಿನ ಅಂಗಡಿಯೊಂದರಲ್ಲಿ ಹೆಸರಾಂತ ರಾಂಡಲ್ ಚಾಕು ಕೇಳಿದಾಗ, ತಿಂಗಳುಗಟ್ಟಲೆ ಕಾಯಬೇಕೆಂಬ ಉತ್ತರ ಬಂತು. ಆತ ಗುಜರಿಯಿಂದ ಹಳೆಯ ಪ್ಯಾಕರ್ಡ್ ಕಾರಿನ ಸ್ಪ್ರಿಂಗ್ ತಂದು ತಾನೇ ಚಾಕು ಮಾಡಿಕೊಂಡ. ಮುಂದೆ ಬೇಟೆ ಚಾಕುವಿನ ಆಕಾರವನ್ನೇ ಪ್ರಭಾವಿಸಿದವರಲ್ಲಿ ಅವನೊಬ್ಬನಾದ. 1970ರಲ್ಲಿ ಚಾಕು ತಯಾರಕರ ಗಿಲ್ಡ್ ಹುಟ್ಟಿತು. 1973ರಲ್ಲಿ ಮೇರಿಲೆಂಡಿನ ಬಿಲ್ ಮೊರಾನ್ ಆ ಗಿಲ್ಡಿನ ಪ್ರದರ್ಶನಕ್ಕೆ ಡಮಾಸ್ಕಸ್ ಅಲಗುಗಳನ್ನು ತಂದಿಟ್ಟ. ಮೂರು ವರ್ಷದ ನಂತರ ಅಮೆರಿಕನ್ ಬ್ಲೇಡ್‌ಸ್ಮಿತ್ ಸೊಸೈಟಿ ಕಟ್ಟುವುದರಲ್ಲೂ ಅವನೇ ಮುಂದಾಳು.

ಮೊರಾನ್ ತೋರಿಸಿದ ಡಮಾಸ್ಕಸ್ ಎಂದರೆ ಎರಡು ಬಗೆಯ ಉಕ್ಕನ್ನು ಪದರ ಪದರವಾಗಿ ಜೋಡಿಸಿ, ಕುಲುಮೆಯಲ್ಲಿ ಕಾಯಿಸಿ, ಬಡಿದು, ಮಡಿಚಿ ಬೆಸೆದದ್ದು. ಇಂದು ಇದಕ್ಕೆ ಹೆಚ್ಚಾಗಿ ಬಳಸುವ ಜೋಡಿಯಲ್ಲಿ ಒಂದು ಸಾದಾ ಇಂಗಾಲದ ಉಕ್ಕು, ಇನ್ನೊಂದರಲ್ಲಿ ಸುಮಾರು ಶೇ. 2ರಷ್ಟು ನಿಕಲ್. ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ಅದ್ದಿದಾಗ ಮೊದಲನೆಯದು ಕೊರೆದು ಕಪ್ಪಾಗುತ್ತದೆ, ನಿಕಲ್ ಇರುವ ಪದರ ಬೆಳ್ಳಗೆ ಉಳಿಯುತ್ತದೆ. ಹೀಗೆ ಅಲಗಿನ ಮೇಲೆ ಮೂಡುವ ಅಲೆಗಳಲ್ಲಿ ಬಣ್ಣದ ಜೊತೆಗೆ ಕೂದಲೆಳೆಗಿಂತ ಸಣ್ಣ ಏರಿಳಿತವೂ ಇದೆ. ಮೆತ್ತನೆಯ ಬೆಳಕಿನಲ್ಲೇ ತೆಗೆದರೆ ಏರಿಳಿತ ಮಾಯವಾಗಿ ಅಲಗು ಅಚ್ಚು ಹಾಕಿದ ಕಾಗದದಂತಾಗುತ್ತದೆ. ಪಕ್ಕದಿಂದ ಓರೆಯಾಗಿ ಇನ್ನೊಂದು ಸಣ್ಣ ದೀಪ ಬೇಕೇ ಬೇಕು.

ಹಳೆಯ, ನಿಜವಾದ ಡಮಾಸ್ಕಸ್ ಬೇರೆಯದು. ಅಲ್ಲಿ ಕನ್ನಡನಾಡಿಗೂ ಪಾಲಿದೆ. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್, ಇಲ್ಲಿನ ಕಮ್ಮಾರರು ಮಣ್ಣಿನ ಪುಟ್ಟ ಮೂಸೆಯಲ್ಲಿ ಕಬ್ಬಿಣದ ತುಂಡು, ತಂಗಡಿ ಕಡ್ಡಿ, ಹಸಿ ಎಲೆ ಹಾಕಿ ಬಾಯಿ ಮುಚ್ಚಿ ಕಾಯಿಸಿ ಉಕ್ಕು ಮಾಡುವುದನ್ನು ಬರೆದಿಟ್ಟ. ದಕ್ಷಿಣ ಭಾರತದ ಇಂಥ ಮೂಸೆ ಉಕ್ಕಿನ ಗಟ್ಟಿಗಳೇ ಪಶ್ಚಿಮ ಏಷ್ಯಾದಲ್ಲಿ ಅಲೆಯಲೆ ಅಲಗುಗಳಾದವು. ಇವುಗಳಲ್ಲಿ ಪದರ ಬೆಸುಗೆ ಇಲ್ಲ. ಸುಮಾರು ಶೇ. 1.5ರಷ್ಟು ಇಂಗಾಲವಿರುವ ಒಂದೇ ಗಟ್ಟಿಯೊಳಗೆ ಕಾರ್ಬೈಡ್ ಕಣಗಳು ಪಟ್ಟೆಪಟ್ಟೆಯಾಗಿ ಸಾಲುಗಟ್ಟಿರುತ್ತವೆ. ಈ ಸಾಲಿಗೆ ವನೇಡಿಯಂನಂಥ ಧಾತುವಿನ ಅತ್ಯಲ್ಪ ಕಲಬೆರಕೆಯೇ ಕಾರಣವೆಂದು ಲೋಹವಿಜ್ಞಾನಿ ಜಾನ್ ವರ್ಹೋವನ್ ಮತ್ತು ಫ್ಲೋರಿಡಾದ ಕಮ್ಮಾರ ಆಲ್ಫ್ರೆಡ್ ಪೆಂಡ್ರೆ 1990ರ ದಶಕದಲ್ಲಿ ಹೊಸದಾಗಿ ಅಲಗು ಮಾಡಿಯೇ ತೋರಿಸಿದರು. ಪ್ರಯೋಗಾಲಯಕ್ಕೆ ಒಂದು ಕುಲುಮೆ ಜೊತೆಯಾಗದಿದ್ದರೆ ಈ ಒಗಟು ಇನ್ನಷ್ಟು ಕಾಲ ಹಾಗೇ ಉಳಿಯುತ್ತಿತ್ತೇನೋ.

ಹಿಡಿಯ ವಿಷಯಕ್ಕೆ ಬಂದರೆ ಬೆಳಕಿನ ಲೆಕ್ಕ ಬದಲಾಗುತ್ತದೆ. ಮರ, ಮುತ್ತಿನ ಚಿಪ್ಪು, ಮಂಜಿನಲ್ಲಿ ಹುದುಗಿದ್ದ ಮ್ಯಾಮತ್ ಆನೆಯ ದಂತ: ಇವು ಲೋಹವಲ್ಲ. ಹೊಳಪಿನ ಮರದಿಂದ ಓರೆಯಾಗಿ ಚಿಮ್ಮುವ ಬೆಳಕು ಧ್ರುವೀಕರಣಗೊಳ್ಳುತ್ತದೆ, ಹಾಗಾಗಿ ಲೆನ್ಸಿನ ಮುಂದೆ ಪೋಲರೈಸರ್ ತಿರುಗಿಸಿದರೆ ಆ ಹೊಳಪು ಕರಗಿ ಮರದ ನಾರು, ಬಣ್ಣ ಮೇಲೆ ಬರುತ್ತವೆ. ಉಕ್ಕಿನ ಪ್ರತಿಫಲನಕ್ಕೆ ಅದೇ ಫಿಲ್ಟರ್ ಹೆಚ್ಚೇನೂ ಮಾಡದು. ಒಂದೇ ಚೌಕಟ್ಟಿನಲ್ಲಿ ಹಿಡಿಯನ್ನು ತಣಿಸಿ ಅಲಗನ್ನು ಉರಿಯಬಿಡುವ ಅನುಕೂಲ ಹೀಗೆ ಪುಕ್ಕಟೆಯಾಗಿ ಸಿಗುತ್ತದೆ.

ನೋಡಲು ಬಲ್ಲವರ ಕಣ್ಣು ಮಾತ್ರ ಅಲಗಿಗಿಂತ ಮೊದಲು ಕೂಡುಗಳಿಗೆ ಹೋಗುತ್ತದೆ. ಅಲಗು ಹಿಡಿಯನ್ನು ಸೇರುವಲ್ಲಿ ಉಗುರು ತೂರುವಷ್ಟು ಸಂದಿದೆಯೇ? ಸಾಣೆಯ ಇಳಿಜಾರು ಶುರುವಾಗುವ ಗೆರೆ ಎರಡೂ ಮಗ್ಗುಲಲ್ಲಿ ಒಂದೇ ಜಾಗದಲ್ಲಿ ನಿಂತಿದೆಯೇ? ಬೆನ್ನಿನ ಮೇಲೆ ಅರದಿಂದ ಕೊರೆದ ಬಳ್ಳಿಯ ಎಲೆಗಳು ಕೊನೆತನಕ ಒಂದೇ ಅಳತೆಯವೇ? ಒಂದೇ ಮಗ್ಗುಲಿನ ಫೋಟೋ ಈ ಪ್ರಶ್ನೆಗಳಿಗೆ ಉತ್ತರಿಸಲಾರದು. ಬೆನ್ನಿನ ನೋಟ, ಹಿಂಬದಿ, ಕೂಡುಗಳ ಹತ್ತಿರದ ನೋಟ ಎಲ್ಲವೂ ಬೇಕು. ಪಕ್ಕಕ್ಕೆ ಜಿಂಕೆಕೊಂಬು, ತೋಟಾ, ಚರ್ಮದ ಚೂರು ಹರಡಿ ತೆಗೆದ ಚಿತ್ರಗಳಲ್ಲಿ ಇದಕ್ಕೇ ಜಾಗ ಉಳಿದಿರುವುದಿಲ್ಲ. ಕೊಡಗಿನ ಪೀಚೆಕತ್ತಿಯಂಥದ್ದಕ್ಕೆ ಮಾತು ಬೇರೆ: ಬೆಳ್ಳಿ ಕಟ್ಟಿದ ಒರೆ, ಸರಪಳಿ, ಅದಕ್ಕೆ ತೂಗುವ ಸಣ್ಣ ಸಲಕರಣೆಗಳೆಲ್ಲ ಆ ವಸ್ತುವಿನದೇ ಅಂಗಗಳು, ಒರೆಯಿಲ್ಲದ ಪೀಚೆಕತ್ತಿಯ ಫೋಟೋ ಅರ್ಧ ಫೋಟೋ.

ಫೋಟೋಗೆ ಎಂದೂ ಸಿಗದ ಸಂಗತಿಗಳೂ ಇವೆ: ಕೈಯಲ್ಲಿನ ತೂಕ, ಸಮತೋಲ, ಉಕ್ಕಿಗೆ ಹಾಕಿದ ಹದ. ಬ್ಲೇಡ್‌ಸ್ಮಿತ್ ಸೊಸೈಟಿ ತನ್ನ ಮೊದಲ ದರ್ಜೆಯ ಪರೀಕ್ಷೆಯನ್ನು ಎರಡು ಭಾಗ ಮಾಡಿರುವುದು ಸರಿಯಾಗಿಯೇ ಇದೆ. ಮೊದಲು ಒಂದು ಚಾಕು, ತೂಗುಬಿಟ್ಟ 1 ಇಂಚು ದಪ್ಪದ ಹಗ್ಗವನ್ನು ಒಂದೇ ಏಟಿಗೆ ತುಂಡರಿಸಬೇಕು, ಮರದ ತೊಲೆಯನ್ನು ಎರಡು ಸಲ ಕಡಿದು ತುಂಡು ಮಾಡಬೇಕು, ಆಮೇಲೂ ತೋಳಿನ ಕೂದಲು ಬೋಳಿಸಬೇಕು, ಕೊನೆಗೆ ಇಕ್ಕಳಕ್ಕೆ ಸಿಕ್ಕಿಸಿ 90 ಡಿಗ್ರಿ ಬಗ್ಗಿಸಿದರೂ ಮುರಿಯಬಾರದು. ಅಲ್ಲಿಗೆ ಆ ಚಾಕುವಿನ ಕಥೆ ಮುಗಿಯಿತು. ಅಂದಚೆಂದ, ಕೂಡು, ಮೆರುಗುಗಳ ತೀರ್ಪಿಗೆ ಅದೇ ಕಮ್ಮಾರ ಬೇರೆ ಐದು ಚಾಕುಗಳನ್ನು ಮಾಡಿ ತೀರ್ಪುಗಾರರ ಮೇಜಿಗೆ ತರುತ್ತಾನೆ.